ನನ್ನ ಡೊಮೇನ್, ಅಪ್ಪನ ಮಳೆ ಲೆಕ್ಕ

ಫೆಡಿವರ್ಸ್ ಅಂದರೆ ಬೇರೆ ಬೇರೆಯವರು ನಡೆಸುವ, ಆದರೆ ಒಂದರ ಜೊತೆ ಒಂದು ಮಾತಾಡುವ ಸಾಮಾಜಿಕ ಜಾಲದ ಸರ್ವರ್‌ಗಳ ಗುಂಪು. ಅದರಲ್ಲಿ ನನ್ನದೊಂದು ಪುಟ್ಟ ಸರ್ವರ್ ಇದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದದ್ದು, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್, ಅಂದರೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುವಂಥದ್ದು. ಅದರಲ್ಲಿ ಇರುವುದು ಎರಡೇ ಖಾತೆ. ಒಂದು ನನ್ನದು, ಇನ್ನೊಂದು ಊರಿನ ಮಳೆ ಲೆಕ್ಕ ಹಾಕುವ ಬಾಟ್, ಅಂದರೆ ಪ್ರೋಗ್ರಾಮ್ ನಡೆಸುವ ಖಾತೆ. ರೆಡಿಮೇಡ್ ಸಾಫ್ಟ್‌ವೇರ್ ಬೇಕಾದಷ್ಟಿದೆ. ಟ್ವಿಟರ್ ಥರದ ಮಾಸ್ಟೊಡಾನ್ ಇದೆ, ನಾಲ್ಕೈದು ಜನರಿಗೆ ಸಾಕು ಅನ್ನುವವರಿಗೆ ಗೋಟುಸೋಶಿಯಲ್ ಇದೆ. ಆದರೂ ಒಳಗೆ ಏನು ನಡೆಯುತ್ತದೆ ಅಂತ ಕೈಯಾರೆ ಮಾಡಿಯೇ ತಿಳಿಯಬೇಕು ಅನಿಸಿತ್ತು. ಆಫೀಸ್ ಮುಗಿದ ಮೇಲೆ, ಶನಿವಾರ ಭಾನುವಾರ ಕೂತು ಕಟ್ಟಿದೆ.

ನನಗೆ ಬೇಕಿದ್ದದ್ದು ಒಂದೇ. ನನ್ನ ವಿಳಾಸ ನನ್ನದೇ ಡೊಮೇನ್‌ನಲ್ಲಿ, ಅಂದರೆ ನಾನೇ ನೋಂದಾಯಿಸಿದ ವೆಬ್ ಹೆಸರಿನಲ್ಲಿ, ಇರಬೇಕು. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಕನ್ನಡದಲ್ಲಿ ನಡೆದ ಎಷ್ಟೋ ಮಾತುಕತೆ ಈಗ ಹುಡುಕಿದರೂ ಸಿಗುವುದಿಲ್ಲ. ಇಮೇಲ್ ಹಾಗಲ್ಲ. ನಿಮ್ಮದು ಯಾವ ಕಂಪನಿಯ ಇಮೇಲ್ ಆದರೂ ನಾನು ನಿಮಗೆ ಬರೆಯಬಹುದು. ಸಾಮಾಜಿಕ ಜಾಲಕ್ಕೂ ಇಂಥದ್ದೇ ವ್ಯವಸ್ಥೆ ತರುವುದು ಆಕ್ಟಿವಿಟಿಪಬ್, ಫೆಡಿವರ್ಸ್‌ನ ಸರ್ವರ್‌ಗಳು ಪರಸ್ಪರ ಮಾತಾಡಲು ಬಳಸುವ ನಿಯಮಗಳ ಕಟ್ಟು. 2018ರ ಜನವರಿಯಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದನ್ನು ವೆಬ್‌ನ ಮಾನದಂಡವಾಗಿ ಪ್ರಕಟಿಸಿತು.

ಕೆಲಸ ಮಾಡುವ ರೀತಿ ಸರಳ. ಯಾರಾದರೂ ಮಾಸ್ಟೊಡಾನ್‌ನಲ್ಲಿ ನನ್ನ ವಿಳಾಸ ಹುಡುಕಿದರೆ, ಅವರ ಸರ್ವರ್ ವೆಬ್‌ಫಿಂಗರ್ ಅನ್ನುವ ವಿಳಾಸ ಹುಡುಕುವ ವಿಧಾನದ ಮೂಲಕ ನನ್ನ ಸರ್ವರನ್ನು ಕೇಳುತ್ತದೆ: ಈ ಹೆಸರಿನವರು ಇಲ್ಲಿ ಇದ್ದಾರಾ? ನನ್ನ ಸರ್ವರ್ ಪ್ರೊಫೈಲ್‌ನ ಕೊಂಡಿ ಕೊಡುತ್ತದೆ. ಪ್ರೊಫೈಲ್ ಅಂದರೆ ಒಂದು ಜೇಸನ್ ಫೈಲು, ಪ್ರೋಗ್ರಾಮ್‌ಗಳು ಓದಿಕೊಳ್ಳುವ ಪಠ್ಯರೂಪದ ಮಾಹಿತಿ. ಅದರಲ್ಲಿ ಇನ್‌ಬಾಕ್ಸ್ ವಿಳಾಸ, ಔಟ್‌ಬಾಕ್ಸ್ ವಿಳಾಸ, ಸಹಿ ಪರೀಕ್ಷಿಸಲು ಎಲ್ಲರಿಗೂ ಕೊಡುವ ಪಬ್ಲಿಕ್ ಕೀ ಇರುತ್ತವೆ. ಅವರು ಫಾಲೋ ಒತ್ತಿದರೆ ನನ್ನ ಇನ್‌ಬಾಕ್ಸ್‌ಗೆ ಕೋರಿಕೆ ಬರುತ್ತದೆ, ನಾನು ಒಪ್ಪಿದ್ದೇನೆ ಅಂತ ಅವರ ಇನ್‌ಬಾಕ್ಸ್‌ಗೆ ಕಳಿಸುತ್ತೇನೆ. ಅಲ್ಲಿಂದ ಮುಂದೆ ನಾನು ಬರೆದದ್ದು ಅವರಿಗೆ ತಲುಪುತ್ತದೆ.

ತಲೆ ತಿನ್ನುವುದು ಸಹಿ. ಕಳಿಸುವ ಪ್ರತಿಯೊಂದಕ್ಕೂ ನನ್ನಲ್ಲೇ ಗುಟ್ಟಾಗಿರುವ ಪ್ರೈವೇಟ್ ಕೀಯಿಂದ ಸಹಿ ಹಾಕಬೇಕು. ಸಂದೇಶದ ಡೈಜೆಸ್ಟ್, ಅಂದರೆ ಅದರ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಕೇತ, ಕೂಡ ಆ ಸಹಿಯ ಒಳಗೆ ಸೇರಬೇಕು. ಇಂಗ್ಲಿಷ್ ಪೋಸ್ಟ್‌ಗಳು ಸರಾಗವಾಗಿ ಹೋಗುತ್ತಿದ್ದವು. ಕನ್ನಡದವು ಮಾತ್ರ 401, ಅಂದರೆ ಗುರುತು ಒಪ್ಪಲಾಗದು, ಅಂತ ವಾಪಸ್ ಬರುತ್ತಿದ್ದವು. ಕಾರಣ ಹೀಗಿದೆ. ಪೈಥಾನ್‌ನ ಜೇಸನ್ ಲೈಬ್ರರಿ ಏನೂ ಹೇಳದೆ ಬಿಟ್ಟರೆ ಕನ್ನಡ ಅಕ್ಷರವನ್ನು ಹಾಗೇ ಇಡುವುದಿಲ್ಲ, ಅದರ ಯುನಿಕೋಡ್ ಸಂಖ್ಯೆ ಬರೆಯುತ್ತದೆ. ಡೈಜೆಸ್ಟ್ ಲೆಕ್ಕ ಹಾಕುವಾಗ ಕನ್ನಡವನ್ನು ಹಾಗೇ ಇಡು ಅಂದಿದ್ದೆ. ಕಳಿಸುವಾಗ ರಿಕ್ವೆಸ್ಟ್ಸ್ ಲೈಬ್ರರಿ ತಾನೇ ಇನ್ನೊಂದು ಸಲ ಜೇಸನ್ ಮಾಡಿ ಸಂಖ್ಯೆ ಬರೆಯುತ್ತಿತ್ತು. ಇಂಗ್ಲಿಷಿಗೆ ಎರಡೂ ಒಂದೇ, ಕನ್ನಡಕ್ಕೆ ಬೈಟ್‌ಗಳೇ ಬೇರೆ. ಹಾಗಾಗಿ ಸಂದೇಶವನ್ನು ಒಂದೇ ಸಲ ಬೈಟ್‌ಗಳಾಗಿ ಮಾಡಿಕೊಳ್ಳಿ. ಸಹಿ ಅದಕ್ಕೇ, ಕಳಿಸುವುದೂ ಅದನ್ನೇ.

ಸರ್ವರನ್ನು ಮನೆಯಲ್ಲೇ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್‌ನಲ್ಲಿ ಇಡುವ ಆಸೆ ಇತ್ತು. ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನವರು ನೇರವಾಗಿ ತಲುಪುವ ಸ್ವಂತ ಪಬ್ಲಿಕ್ ಐಪಿ ವಿಳಾಸ ಸಿಗುವುದಿಲ್ಲ. ಹಾಗಾಗಿ ಅಗ್ಗದ ವಿಪಿಎಸ್, ಅಂದರೆ ಡೇಟಾ ಸೆಂಟರಿನ ವರ್ಚುವಲ್ ಸರ್ವರ್, ಬಾಡಿಗೆಗೆ ತೆಗೆದುಕೊಂಡೆ.

ಇನ್ನು ಮಳೆ ಬಾಟ್. ಅಪ್ಪ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಅಪ್ಪನದೂ ಅದೇ ಹೊತ್ತು. ಅವರ ಫೋನಿನಲ್ಲಿ ತೆರೆಯುವ ಒಂದು ಸಣ್ಣ ಪುಟ ಮಾಡಿಕೊಟ್ಟೆ. ಒಂದು ಚೌಕ, ಒಂದು ಬಟನ್. ಮಿಲಿಮೀಟರ್ ಹಾಕಿ ಒತ್ತಿದರೆ #ಮಳೆ ಅನ್ನುವ ಹ್ಯಾಶ್‌ಟ್ಯಾಗ್ ಜೊತೆ ಪೋಸ್ಟ್ ಆಗುತ್ತದೆ.

ಆದರೆ ನನ್ನ ಸರ್ವರ್‌ನಲ್ಲಿ ಅದು #ಮಳ ಆಗುತ್ತಿತ್ತು! ಹ್ಯಾಶ್‌ಟ್ಯಾಗ್ ಎಲ್ಲಿ ಮುಗಿಯುತ್ತದೆ ಅಂತ ಕಂಡುಹಿಡಿಯಲು ಎಲ್ಲರೂ ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಇದೆಯಲ್ಲ, 'ಪದದ ಅಕ್ಷರ' ಅನ್ನುವುದು, ಪೈಥಾನ್‌ನಲ್ಲಿ ಅದು ಸ್ವರಚಿಹ್ನೆಗಳನ್ನು ಅಕ್ಷರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 'ಳ'ಗೆ ಅಂಟಿದ ಎತ್ವ ಬಂದ ಕೂಡಲೇ ಪದ ಮುಗಿಯಿತು ಅಂದುಕೊಳ್ಳುತ್ತದೆ. ಅರ್ಧಾಕ್ಷರದ ಚಿಹ್ನೆಗೂ ಅದೇ ಗತಿ, #ಕನ್ನಡ ಹೋಗಿ #ಕನ ಆಗುತ್ತದೆ. ಈ ಕೋಡ್ ಬರೆಯುವಾಗ ನಮ್ಮ ಭಾಷೆ ಯಾರ ಕಣ್ಣ ಮುಂದೆಯೂ ಇರಲಿಲ್ಲ, ಅಷ್ಟೇ. ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ಹೀಗಾದರೆ ದೂರು ಕೊಟ್ಟು ಕಾಯಬೇಕು. ಇಲ್ಲಿ ಅದೇ ಸಂಜೆ ಸರಿಮಾಡಿದೆ. ಕನ್ನಡದ ಯುನಿಕೋಡ್ ಸಾಲು 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಅಷ್ಟನ್ನೂ ಹ್ಯಾಶ್‌ಟ್ಯಾಗ್‌ಗೆ ಸೇರಿಸಿದೆ.

ಇನ್ನೂ ಎರಡು ಸೂಕ್ಷ್ಮ ಇದೆ. 'ಕೊಡಗು' ಬರೆಯುವಾಗ ಒತ್ವ ಒಂದೇ ಚಿಹ್ನೆಯಾಗಿಯೂ ಬರಬಹುದು, ಎರಡು ಚಿಹ್ನೆ ಸೇರಿಯೂ ಬರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಯುನಿಕೋಡ್‌ನ ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತಂದರೆ ಒಂದಾಗುತ್ತವೆ. ಮತ್ತೆ, 'ಫೇಸ್‌ಬುಕ್' ಥರದ ಪದಗಳಲ್ಲಿ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ತೋರಿಸುವಾಗ ಅದು ಬೇಕೇ ಬೇಕು, ಹುಡುಕುವಾಗ ಬೇಡ. ಹಾಗಾಗಿ ಎರಡು ರೂಪವನ್ನೂ ಇಟ್ಟುಕೊಂಡಿದ್ದೇನೆ.

"ಅಲ್ಲ ಮಾರಾಯ, ಅಲ್ಲಿ ಯಾರಿದ್ದಾರೆ?" ಅಂತ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. 2019ರ ನವೆಂಬರ್‌ನಲ್ಲಿ ಭಾರತದಿಂದ ತುಂಬಾ ಜನ ಮಾಸ್ಟೊಡಾನ್‌ಗೆ ಬಂದರು, ಎಷ್ಟೋ ಜನ ವಾಪಸ್ ಹೋದರು. ಕನ್ನಡದಲ್ಲಿ ಬರೆಯುವವರು ಈಗಲೂ ಕಡಿಮೆ. ಆದರೆ ಇರುವ ಕೆಲವರ ಜೊತೆ ಮಾತು ನಿಧಾನವಾಗಿ, ಪೂರ್ತಿಯಾಗಿ ನಡೆಯುತ್ತದೆ. ಮಳೆ ಬಾಟ್ ನೋಡಿ ತಮ್ಮ ಊರಿನ ಲೆಕ್ಕ ಬರೆಯುವವರೂ ಇದ್ದಾರೆ. ನನಗೆ ಇದು ಜಾಸ್ತಿ ಬೆಲೆಯದ್ದು.

ಕೊರತೆಗಳೂ ಇವೆ. ಮಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಫಾಲೋ ಮಾಡುವವರು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಬ್ಲೂಸ್ಕೈ ಅನ್ನುವ ಇನ್ನೊಂದು ಸಾಮಾಜಿಕ ಜಾಲದ ಎಟಿ ಪ್ರೋಟೊಕಾಲ್ ಈ ವಿಷಯದಲ್ಲಿ ಮುಂದಿದೆ, ಅಲ್ಲಿ ಗುರುತು ಬೇರೆ, ಬರಹ ಇಡುವ ಜಾಗ ಬೇರೆ. ಸ್ವಂತ ಡೊಮೇನ್ ಇದ್ದರೆ ವಿಪಿಎಸ್ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ. ಆದರೆ ಪ್ರತಿ ವರ್ಷ ದುಡ್ಡು ಕಟ್ಟಬೇಕು, ಮರೆತರೆ ಹೆಸರು ಬೇರೆಯವರ ಪಾಲಾಗಬಹುದು. ಅಳಿಸಿದ ಪೋಸ್ಟ್ ಕೂಡ ಎಲ್ಲ ಕಡೆ ಅಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ನನ್ನ ಸರ್ವರ್ ಅಳಿಸಿ ಅಂತ ಹೇಳಬಹುದು, ಕೇಳುವುದು ಬಿಡುವುದು ಆ ಕಡೆಯ ಸರ್ವರ್‌ಗೆ ಬಿಟ್ಟದ್ದು. ಖಾಸಗಿ ಸಂದೇಶವನ್ನೂ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಅದಕ್ಕೇ ತಂಗಿ ಖಾತೆ ಕೇಳಿದಾಗ ಮೊದಲು ಇದನ್ನೇ ಹೇಳಿದೆ. "ನೀನು ಓದ್ತೀಯಾ ಅಣ್ಣ?" ಅಂದಳು. ಓದುವುದಿಲ್ಲ, ಆದರೆ ಓದಲು ಆಗುತ್ತದೆ ಅನ್ನುವುದು ನಿನಗೆ ಗೊತ್ತಿರಲಿ ಅಂದೆ.

ಅವಳ ಖಾತೆ ತೆರೆಯುವ ಮುಂಚೆ ಬ್ಯಾಕಪ್ ಗಟ್ಟಿ ಮಾಡುತ್ತಿದ್ದೇನೆ. ಈಗ ದಿನಾ ರಾತ್ರಿ ಎಸ್‌ಕ್ಯೂಲೈಟ್ ಫೈಲಿನ ಪ್ರತಿ ಬೇರೆ ಕಡೆ ಹೋಗುತ್ತದೆ. ಮುಂದಿನ ಕೆಲಸ ಆ ಪ್ರತಿಯಿಂದ ಹೊಸ ಮೆಷಿನ್‌ನಲ್ಲಿ ಸರ್ವರ್ ಎಬ್ಬಿಸಿ ನೋಡುವುದು. ಪ್ರೈವೇಟ್ ಕೀಗಳೂ ಅದರಲ್ಲೇ ಇವೆ, ಹಾಗಾಗಿ ಪ್ರತಿಯನ್ನು ಎನ್‌ಕ್ರಿಪ್ಟ್ ಮಾಡಿಯೇ ಕಳಿಸುತ್ತೇನೆ. ನೀವೂ ಇಂಥದ್ದೇನಾದರೂ ಕಟ್ಟುತ್ತಿದ್ದರೆ ಹ್ಯಾಶ್‌ಟ್ಯಾಗ್ ಪರೀಕ್ಷೆಗೆ ಈ ನಾಲ್ಕು ಪದ ಹಾಕಿ ನೋಡಿ: ಮಳೆ, ಕನ್ನಡ, ಕೊಡಗು, ಫೇಸ್‌ಬುಕ್.