ಬೇತ್ಲೆಹೇಮಿನ ಕತ್ತೆಗೆ ಧಾರವಾಡದ ಪೇರಲ ಕಿವಿ

ನವೆಂಬರ್ ಮುಗಿಯುತ್ತಾ ಬಂತೆಂದರೆ ನನ್ನ ಅಂಗಡಿಗೆ ಸಣ್ಣ ಸಣ್ಣ ಗಂಟುಗಳು ಬರುತ್ತವೆ. ಬಿಚ್ಚಿದರೆ ಒಳಗೆ ಕುರಿ, ಒಂಟೆ, ಮೂಗು ಹೋದ ಯೋಸೇಫ. ನಾನು ಧಾರವಾಡದಲ್ಲಿ ಬಾಗಿಲು, ಕಿಟಕಿ ಮಾಡುವ ಬಡಿಗ. ಯೆರೂಸಲೇಮ್ ಯಾತ್ರೆಗೆ ಹೋದವರು ತಂದ ಗೋದಲಿ ಸೆಟ್ಟು, ಅಂದರೆ ಬೇತ್ಲೆಹೇಮಿನಲ್ಲಿ ಯೇಸು ಹುಟ್ಟಿದ ದೃಶ್ಯದ ಮರದ ಗೊಂಬೆಗಳನ್ನು, ರಿಪೇರಿ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಮ್ಮ ಓಣಿಯ ರಿಟೈರ್ಡ್ ಅಕ್ಕೋರು (ಟೀಚರು) ಒಬ್ಬರು ಹೆಬ್ಬೆರಳಿನಷ್ಟು ಗೊಂಬೆ ಹಿಡಿದು ಬಂದು, "ಬಡಿಗ್ಯಾರ, ಕತ್ತಿ ಕಿವಿ ಹೋಗೇತಿ ನೋಡ್ರಿ" ಅಂದರು. ಅಲ್ಲಿಂದ ಶುರು.

ಈ ಮರ ಆಲಿವ್. ಕನ್ನಡ ಬೈಬಲ್ಲಿನಲ್ಲಿ ಇದು ಎಣ್ಣೇಮರ, ಅಕ್ಕೋರೇ ಹೇಳಿದ್ದು. ಬೇತ್ಲೆಹೇಮ್ ಮತ್ತು ಪಕ್ಕದ ಬೇತ್ ಜಾಲಾ, ಬೇತ್ ಸಾಹೂರ್ ಊರುಗಳಲ್ಲಿ ಇದರ ಕೆತ್ತನೆ ಹಳೆಯ ಕಸುಬು. ಗಿಡ ಸವರಿದಾಗ ಬಿದ್ದ ಕೊಂಬೆಗಳನ್ನೇ ಹೆಚ್ಚಾಗಿ ಬಳಸುತ್ತಾರೆ. ಒರಟು ಆಕಾರ ಮಶಿನ್ನಿನಲ್ಲಿ ಆಗುತ್ತದೆ. ಮುಖ, ಬಟ್ಟೆಯ ನೆರಿಗೆ ಕೈಯಲ್ಲಿ.

ಮೊದಲು ಅಸಲಿಯೋ ನಕಲಿಯೋ ನೋಡಿಕೊಳ್ಳಿ. ಆಲಿವ್ ಮರದ ಕಂದು-ಕಪ್ಪು ಗೆರೆಗಳು ಹೊಗೆಯ ಹಾಗೆ ಅಡ್ಡಾದಿಡ್ಡಿ ಓಡುತ್ತವೆ. ಗೊಂಬೆಯನ್ನು ತಲೆಕೆಳಗು ಮಾಡಿ. ಬದಿಯ ಗೆರೆಗಳು ತಳದಲ್ಲೂ ಮುಂದುವರಿದಿದ್ದರೆ ಸರಿ, ಅಂಚಿಗೆ ಬಂದು ನಿಂತಿದ್ದರೆ ಬಣ್ಣ. ತಳವನ್ನು 320 ನಂಬರಿನ ಪಾಲಿಶ್ ಪೇಪರಿನಿಂದ ನಾಲ್ಕು ಸಲ ತಿಕ್ಕಿದರೆ ಸಿಹಿ ವಾಸನೆ ಬರುತ್ತದೆ. ನೀರಲ್ಲಿ ಮುಳುಗಿಸಿ ಪರೀಕ್ಷೆ ಮಾಡಬೇಡಿ.

ತೊಳೆಯುವ ಮಾತೂ ಬೇಡ. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಕೆಲವು ಶಿಲುಬೆಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿರುತ್ತಾರೆ. ಅದೂ ಹಳೇ ರೂಢಿಯೇ. 17ನೇ ಶತಮಾನದಲ್ಲಿ ಆಲಿವ್ ಮರ, ಚಿಪ್ಪು ಸೇರಿಸಿ ಯೆರೂಸಲೇಮಿನ ಪವಿತ್ರ ಸಮಾಧಿ ದೇವಾಲಯದ ಪುಟ್ಟ ಮಾದರಿಯನ್ನೇ ಬಿಚ್ಚಿ ಜೋಡಿಸುವ ಹಾಗೆ ಮಾಡುತ್ತಿದ್ದರು. ಒಂದು ಮನೆಯವರು ಅಂಥ ಶಿಲುಬೆಯನ್ನು ಹಿತ್ತಾಳೆ ಸಮೆಯ (ದೀಪದ ಕಂಬದ) ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಚಿಪ್ಪಿಗೆ ಹುಳಿ ಆಗುವುದಿಲ್ಲ, ಹೊಳಪು ಹೋಗುತ್ತದೆ. ಅದನ್ನು ನಾನು ವಾಪಸ್ ತರಲು ಆಗಲಿಲ್ಲ.

ಇನ್ನು ಎಣ್ಣೆ. ನಮ್ಮ ಕಡೆ ಮನೆಯಲ್ಲಿ ಕುಸುಬಿ ಎಣ್ಣೆ ಇದ್ದರೆ ಅದನ್ನೇ ಹಚ್ಚುತ್ತಾರೆ. ದಪ್ಪಗೆ ಹಚ್ಚಿ ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಒಣಗುತ್ತದೆ, ಆದರೆ ಬಣ್ಣ ಹಳದಿಗೆ ತಿರುಗುತ್ತದೆ. ಅದು ಮೆತ್ತಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಲೂಬಹುದು, ಹರವಿ ಒಣಗಿಸಬೇಕು. ಇಷ್ಟೆಲ್ಲ ಯಾಕೆ? ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ. ನಾಲ್ಕು ಪಾಲು ಅದು, ಒಂದು ಪಾಲು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಿಟ್ಟು ಕರಗಿಸಿ. ತಣ್ಣಗಾದ ಮೇಲೆ ಬೆರಳ ತುದಿಯಷ್ಟು ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ. ವರ್ಷಕ್ಕೊಮ್ಮೆ ಸಾಕು. ಅಂಟಿಸುವ ಕೆಲಸ ಇದ್ದರೆ ಮಾತ್ರ ಅದು ಮುಗಿದ ಮೇಲೆಯೇ ಹಚ್ಚಿ.

ಏಪ್ರಿಲ್ ಬಿಸಿಲಿಗೆ ಸೀಳು ಬಿಟ್ಟರೆ ಗಾಬರಿಯಾಗಿ ತುಂಬಬೇಡಿ. ನಾನೂ ಒಮ್ಮೆ ಮೇ ತಿಂಗಳಲ್ಲಿ ಮರದ ಪುಡಿ, ಗೋಂದು ಕಲಸಿ ಗಟ್ಟಿಯಾಗಿ ತುಂಬಿದ್ದೆ. ಮಳೆಗಾಲ ಬಂತು, ಮರ ಉಬ್ಬಿತು, ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲಿ ಇನ್ನೊಂದು ಸೀಳು ಬಿಟ್ಟಿತು. ಈಗ ದಸರೆಯ ತನಕ ಸುಮ್ನೆ ಇಟ್ಟು ನೋಡುತ್ತೇನೆ. ಅರ್ಧ ಸೀಳುಗಳು ತಾವೇ ಕೂಡಿರುತ್ತವೆ. ಉಳಿದದ್ದಕ್ಕೆ ಮೇಣವಷ್ಟೇ.

ಈಗ ಕಿವಿಗೆ ಬರೋಣ. ಮುರಿದ ತುಂಡು ಕೈಯಲ್ಲಿದ್ದರೆ ಪುಣ್ಯ, ಮುರಿದ ಜಾಗವನ್ನು ಉಜ್ಜದೆ ಹಾಗೇ ಕೂರಿಸಿ. ಆಲಿವ್ ಜಿಡ್ಡಿನ ಮರ. ಅದಕ್ಕೆ ಮೊದಲು ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿ. ಆಮೇಲೆ ಎರಡು ಟ್ಯೂಬಿನ ಅರಾಲ್ಡೈಟ್ ಸಮ ಪ್ರಮಾಣದಲ್ಲಿ ಕಲಸಿ ಸೂಜಿ ಮೊನೆಯಷ್ಟು ಹಚ್ಚಿ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಸುತ್ತ ಬೆಳ್ಳಗೆ ಬೂದಿ ಬಳಿದ ಹಾಗೆ ಕಾಣುವುದುಂಟು.

ಅಕ್ಕೋರ ಕತ್ತೆಯ ಕಿವಿ ಕಳೆದೇ ಹೋಗಿತ್ತು. ಆಲಿವ್ ಎಲ್ಲಿಂದ ತರಲಿ? ಸಾಗವಾನಿ ಇಷ್ಟು ಸಣ್ಣ ಕೆಲಸಕ್ಕೆ ಒರಟು. ಕೊನೆಗೆ ಪೇರಲ ಕೊಂಬೆ ಹಿಡಿದೆ. ಧಾರವಾಡದ ಪೇರಲ ಹಣ್ಣಿಗೆ ಹೆಸರು, ಮರವನ್ನು ಯಾರೂ ಕೇಳುವುದಿಲ್ಲ. ಗಟ್ಟಿ, ನುಣುಪು, ಎಳೆ ಸಣ್ಣ. ತೋಟದಲ್ಲಿ ಸವರಿ ಬಿಸಾಕಿದ ಮುಂಗೈ ದಪ್ಪದ ಕೊಂಬೆ ತಂದು, ನಡುವೆ ಸೀಳಿ ತಿರುಳು ತೆಗೆದು, ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲಿ ಎಂಟು ತಿಂಗಳು ಒಣಗಿಸಬೇಕು. ಅವಸರ ಮಾಡಿದರೆ ಕಿವಿ ಡೊಂಕಾಗುತ್ತದೆ.

ಕಿವಿ ಕೆತ್ತುವಾಗ ಮರದ ಎಳೆ ಬುಡದಿಂದ ತುದಿಗೆ ಉದ್ದಕ್ಕೆ ಓಡಬೇಕು. ಹಳೆಯ ಕಿವಿ ಮುರಿದದ್ದೇ ಎಳೆ ಅಡ್ಡ ಇದ್ದದ್ದಕ್ಕೆ. ಇಡೀ ಕತ್ತೆ ಒಂದೇ ತುಂಡಿನಲ್ಲಿ ಆಗುವಾಗ ಕಿವಿಗೆ ಬೇಕಾದ ಕಡೆ ಎಳೆ ಸಿಗಲ್ಲ, ಕೆತ್ತಿದವರದ್ದು ತಪ್ಪಲ್ಲ. ಗೇಣುದ್ದದ ಕಡ್ಡಿಯ ತುದಿಯಲ್ಲೇ ಕೆತ್ತಿ, ಮುಗಿದ ಮೇಲೆ ಕತ್ತರಿಸಿ. ಮೊದಲೇ ಕತ್ತರಿಸಿದರೆ ಹಿಡಿಯಲು ಬರುವುದಿಲ್ಲ, ಬೆರಳು ಕೊಯ್ಯುತ್ತದೆ. ಕತ್ತೆಯ ತಲೆಯಲ್ಲಿ ಒಡೆದ ಜಾಗವನ್ನು ಸಣ್ಣ ಅರದಿಂದ ಸಮ ಮಾಡಿ. ಒಂದೂವರೆ ಮಿಲಿಮೀಟರಿನ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಎರಡೂ ಕಡೆ ಮೂರು ಮಿಲಿಮೀಟರ್ ತೂತು ಕೊರೆಯಿರಿ. ಒಳಗೆ ಗೂಟಕ್ಕೆ ಏನು ಅಂತೀರಾ? ಊದಿನಕಡ್ಡಿ ಉರಿದ ಮೇಲೆ ಉಳಿಯುತ್ತದಲ್ಲ, ಆ ಬಿದಿರು. ಅಕ್ಕೋರಿಗೆ ಹೇಳಿದಾಗ ನಕ್ಕರು, ಬೇಡ ಅನ್ನಲಿಲ್ಲ. ಅರಾಲ್ಡೈಟ್ ಹಚ್ಚಿ ಕೂರಿಸಿ ಒಂದು ಪೂರ್ತಿ ದಿನ ಮುಟ್ಟಬೇಡಿ.

ಪೇರಲ ಸ್ವಲ್ಪ ಬೇರೆ ಬಣ್ಣಕ್ಕೆ ಕಾಣುತ್ತದೆ. ಗಟ್ಟಿ ಚಹಾ ಡಿಕಾಕ್ಷನ್ ಎರಡು ಸಲ ಸವರಿದರೆ ಹತ್ತಿರ ಬರುತ್ತದೆ. ಕಪ್ಪು ಗೆರೆ ಬರೆಯಲು ಮಾತ್ರ ಹೋಗಬೇಡಿ, ನನಗಂತೂ ಅದು ಮೋಸ ಅನಿಸುತ್ತದೆ.

ಜನವರಿಯಲ್ಲಿ ಗೋದಲಿ ಬಿಚ್ಚಿದಾಗ ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ಈ ವರ್ಷ ಅಕ್ಕೋರು ಒಂಟೆ ತಂದಿದ್ದಾರೆ, ಹಿಂಗಾಲು ಎರಡೂ ಇಲ್ಲ. ಭಾರ ಹೊರಬೇಕಲ್ವಾ, ಊದಿನಕಡ್ಡಿ ಸಾಲದು. ಹಿತ್ತಾಳೆ ತಂತಿ ಹುಡುಕುತ್ತಿದ್ದೇನೆ.