ಮಾದರಿ ಯುದ್ಧವಿಮಾನಕ್ಕೆ ಬೂದು ಹೊಂದಿಸುವುದು: ನನ್ನ ಅನುಭವ

ಸೀಸೆಯ ಮೇಲೆ ಬರೆದ ಎಫ್‌ಎಸ್ ಸಂಖ್ಯೆ (ಅಮೆರಿಕ ಸರ್ಕಾರದ ಬಣ್ಣಗಳ ಪಟ್ಟಿಯ ಸಂಖ್ಯೆ) ನೋಡಿ ಬಣ್ಣ ಸುರಿದುಕೊಂಡರೆ ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. 36375 ಎಂದು ಬರೆದಿರುವ ಬೇರೆ ಬೇರೆ ಸೀಸೆಗಳಿಂದ ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಹೊಡೆದು ನೋಡಿ: ಒಂದು ನೀಲಿಗೆ ವಾಲಿರುತ್ತದೆ, ಇನ್ನೊಂದು ಹಸಿರಿಗೆ, ಮತ್ತೊಂದು ಒಂದು ಮೆಟ್ಟಿಲು ಗಾಢ. ಹಾಗಾಗಿ ಸಂಖ್ಯೆ ನನಗೆ ಎಲ್ಲಿಂದ ಶುರು ಮಾಡಬೇಕು ಎಂದು ಹೇಳುತ್ತದೆ, ಅಷ್ಟೇ.

ಆದರೂ ಸಂಖ್ಯೆ ಓದಲು ಬಂದರೆ ಅರ್ಧ ಗೊಂದಲ ಕಳೆಯುತ್ತದೆ. ಅಮೆರಿಕದ ಎಫ್‌ಎಸ್ 595 ಪಟ್ಟಿಯಲ್ಲಿ (2017ರಿಂದ ಅದು ಎಎಮ್‌ಎಸ್-ಎಸ್‌ಟಿಡಿ-595) ಮೊದಲ ಅಂಕಿ ಹೊಳಪಿನದು: 1 ಹೊಳಪು, 2 ಅರೆಹೊಳಪು, 3 ಮ್ಯಾಟ್ (ಹೊಳಪಿಲ್ಲದ್ದು). ಎರಡನೆಯದು ಬಣ್ಣದ ಗುಂಪು. 6 ಎಂದರೆ ಬೂದು, 5 ಎಂದರೆ ನೀಲಿ. ಕೊನೆಯ ಮೂರು ಅಂಕಿ ದೊಡ್ಡದಾದಷ್ಟೂ ಬಣ್ಣ ಹೆಚ್ಚುಕಮ್ಮಿ ತಿಳಿಯಾಗುತ್ತದೆ. ಎಫ್-14 ಯುದ್ಧವಿಮಾನದ ಮೂರು ಬಣ್ಣದ ವಿನ್ಯಾಸದಲ್ಲಿ ಮೇಲ್ಮೈಗೆ ಬರುವ 35237 ನೀಲಿ ಗುಂಪಿನದು. ಎಲ್ಲರೂ ಅದನ್ನು ಬೂದು ಅಂತಲೇ ಕರೆಯುತ್ತಾರೆ, ಆದರೆ 36320ರ ಪಕ್ಕದಲ್ಲಿ ಅದರ ನೀಲಿ ಕಾಣಲೇಬೇಕು. ಕಾಣದಿದ್ದರೆ ಎರಡರಲ್ಲಿ ಒಂದು ಬಣ್ಣ ತಪ್ಪಿದೆ.

ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಈ ಬೂದು ಯಾವ ಕಡೆ ವಾಲಿದೆ? 36118 ಗಾಢ, ತುಸು ನೀಲಿ. 36270 ಬಹುಮಟ್ಟಿಗೆ ತಟಸ್ಥ. 36320 ಮತ್ತು 36375 ಎರಡೂ ತಣ್ಣನೆಯ ನೀಲಿ ಛಾಯೆಯವು. ಹಳೆಯ ನೌಕಾಪಡೆ ವಿಮಾನಗಳ ಲೈಟ್ ಗಲ್ ಗ್ರೇ, ಅಂದರೆ 16440 ಅಥವಾ 36440, ಬೆಚ್ಚಗಿನದು, ಕಂಡೂ ಕಾಣದಷ್ಟು ಹಳದಿ. ಎರಡನೇ ಮಹಾಯುದ್ಧದ ಜರ್ಮನಿಯ ವಾಯುಯಾನ ಸಚಿವಾಲಯದ ಪಟ್ಟಿಯಲ್ಲಿನ ಆರ್‌ಎಲ್‌ಎಮ್ 74 ಹಸಿರಿಗೂ 75 ನೇರಳೆಗೂ ವಾಲುತ್ತವೆ. ವಾಲು ಸರಿಯಿದ್ದು ಗಾಢತೆ ಸ್ವಲ್ಪ ತಪ್ಪಿದರೆ ಬಿಸಿಲಿಗೆ ಮಾಸಿದ ವಿಮಾನ ಎಂದು ನಂಬಿಸಬಹುದು. ವಾಲು ತಪ್ಪಿದರೆ ಯಾವ ನೆಪವೂ ನಡೆಯುವುದಿಲ್ಲ.

ಇನ್ನು ಬೆರೆಸುವುದು. ಕಪ್ಪು ಮತ್ತು ಬಿಳಿ ಸೇರಿದರೆ ತಟಸ್ಥ ಬೂದು ಬರುತ್ತದೆ ಎಂಬ ನಂಬಿಕೆ ಇದೆಯಲ್ಲ, ಬಣ್ಣದ ಬಟ್ಟಲಲ್ಲಿ ಅದು ನಿಲ್ಲುವುದಿಲ್ಲ. ಕಾರ್ಬನ್ ಕಪ್ಪು ಟೈಟಾನಿಯಂ ಬಿಳಿಯೊಡನೆ ಸೇರಿದಾಗ ನೀಲಿಗೆ ತಿರುಗಿದ ಬೂದು ಸಿಗುತ್ತದೆ. 36440ಕ್ಕೆ ಇದು ಪೂರಾ ಉಲ್ಟಾ. ಆದ್ದರಿಂದ ಸೊನ್ನೆಯಿಂದ ಬೆರೆಸದೆ, ಹತ್ತಿರದ ಸಿದ್ಧ ಬೂದನ್ನು ತೆಗೆದುಕೊಂಡು ತಿದ್ದುತ್ತೇನೆ. ಮಿಸ್ಟರ್ ಕಲರ್ ಎಂಬ ಲ್ಯಾಕರ್ (ಘಾಟು ಥಿನ್ನರಿನ ಬಣ್ಣ) ಸಾಲಿನಲ್ಲಿ 305ರಿಂದ 308ರವರೆಗೆ ಕ್ರಮವಾಗಿ 36118, 36270, 36320, 36375 ಸಿಗುತ್ತವೆ. 315 ಗಲ್ ಗ್ರೇ. ಬುಡಕ್ಕೆ ಇವು ಸಾಕು.

ತಿದ್ದುವ ಬಣ್ಣವನ್ನು ಸೀಸೆಯಿಂದ ನೇರವಾಗಿ ಹಾಕಬಾರದು. ಚಿಕ್ಕ ಬಟ್ಟಲಲ್ಲಿ ಕಪ್ಪೋ ಕೆಂಪೋ ಒಂದು ಹನಿ ಹೆಚ್ಚಾದರೆ ಇಡೀ ಮಿಶ್ರಣ ಕೈತಪ್ಪುತ್ತದೆ. ಬುಡದ ಬೂದಿನದೇ 9 ಹನಿಗೆ 1 ಹನಿ ತಿದ್ದುವ ಬಣ್ಣ ಸೇರಿಸಿ ಬೇರೆ ಬಟ್ಟಲಲ್ಲಿ ಇಟ್ಟುಕೊಂಡು, ಅದರಿಂದ ಹನಿಹನಿಯಾಗಿ ಹಾಕುತ್ತೇನೆ. ನೀಲಿ ಹೆಚ್ಚಾದರೆ ಬಫ್ (ಹಳದಿ ಬೆರೆತ ತಿಳಿ ಕಂದು), ಹಳದಿ ಹೆಚ್ಚಾದರೆ ನೀಲಿ, ಹಸಿರು ಹೆಚ್ಚಾದರೆ ಕೆಂಪು. ಮೂರಕ್ಕಿಂತ ಹೆಚ್ಚು ತಿದ್ದುವ ಬಣ್ಣ ಬೇಕಾಯಿತೆಂದರೆ ಬುಡವೇ ತಪ್ಪಿದೆ, ಬದಲಿಸಿ. ಎಲ್ಲವೂ ಒಂದೇ ಜಾತಿಯ ಬಣ್ಣವಾಗಿರಲಿ. ನೀರಿನ ಅಕ್ರಿಲಿಕ್ಕಿಗೆ ಆಲ್ಕೊಹಾಲ್ ಥಿನ್ನರಿನ ಬಣ್ಣ ಸೇರಿಸಿದರೆ ಹಾಲು ಒಡೆದ ಹಾಗೆ ಗಂಟುಗಟ್ಟಿ ಏರ್‌ಬ್ರಷ್ಷಿನ ಬಾಯಿ ಕಟ್ಟುತ್ತದೆ.

ಸೀಸೆಯನ್ನು ಅಲುಗಾಡಿಸಿದರೆ ಸಾಲದು. ಬಿಳಿ ವರ್ಣದ್ರವ್ಯ ಭಾರ, ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕಡ್ಡಿ ಹಾಕಿ ತಳ ಕೆರೆಯದೆ ಮೇಲಿನದನ್ನೇ ತೆಗೆದರೆ ಬಣ್ಣ ಗಾಢವಾಗಿ ಬರುತ್ತದೆ, ಅದೇ ಸೀಸೆಯ ಕೊನೆಯ ಭಾಗ ಸುಣ್ಣದ ಹಾಗಿರುತ್ತದೆ. 'ಈ ಬಣ್ಣ ಸರಿಯಿಲ್ಲ' ಎಂಬ ದೂರುಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟಿದವು ಅನ್ನುವುದು ನನ್ನ ಗುಮಾನಿ.

ಒದ್ದೆ ಬಣ್ಣವನ್ನು ನೋಡಿ ತೀರ್ಪು ಕೊಡಬೇಡಿ. 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಬೆರಳಗಲದ ತುಂಡು ಕತ್ತರಿಸಿ, ಮಾದರಿಗೆ ಹಾಕಿದ ಪ್ರೈಮರನ್ನೇ ಹಾಕಿ, ನಡುವೆ ಒಂದು ಕಪ್ಪು ಪಟ್ಟೆ ಹೊಡೆದು ಒಣಗಿಸಿ. ಪಟ್ಟೆಗೆ ಬಣ್ಣವೇ ಇರಲಿ. ಮಾರ್ಕರ್ ಆದರೆ ಲ್ಯಾಕರಿನಲ್ಲಿ ಕರಗಿ ಮೇಲೆ ಬರುತ್ತದೆ. ಆ ಮೇಲೆ ಪರೀಕ್ಷೆಯ ಬೂದನ್ನು ಪಟ್ಟೆ ಮಾಯವಾಗುವ ತನಕ ತೆಳು ಪದರಗಳಲ್ಲಿ ಹೊಡೆಯಬೇಕು. ಲ್ಯಾಕರ್ ಆದರೆ ಅರ್ಧ ಗಂಟೆ ಬಿಡುತ್ತೇನೆ, ಅಕ್ರಿಲಿಕ್ ಆದರೆ ಒಂದು ರಾತ್ರಿ. ಒಣಗಿದ ಮೇಲೆ ತುಂಡಿನ ಅರ್ಧಕ್ಕೆ ಮ್ಯಾಟ್ ವಾರ್ನಿಷ್, ಅರ್ಧಕ್ಕೆ ಹೊಳಪಿನ ವಾರ್ನಿಷ್. ಒಂದೇ ಬೂದು ಹೊಳಪಿನ ಕೆಳಗೆ ಗಾಢವಾಗಿಯೂ ಮ್ಯಾಟ್ ಕೆಳಗೆ ತಿಳಿಯಾಗಿಯೂ ಕಾಣುತ್ತದೆ. ಮಾದರಿಗೆ ಕೊನೆಯಲ್ಲಿ ಯಾವ ವಾರ್ನಿಷ್ ಬರುತ್ತದೋ ಆ ಅರ್ಧವನ್ನು ಮಾತ್ರ ಹೋಲಿಸಿ. ತುಂಡಿನ ಬೆನ್ನಿಗೆ ಹನಿಗಳ ಲೆಕ್ಕ ಬರೆದಿಡಿ.

ಹೋಲಿಸುವಾಗ ತುಂಡು ಮತ್ತು ಅಸಲಿ ಬಣ್ಣದ ಚೀಟಿಯ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು. ಬೂದು ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಎರಡರ ಮೇಲೂ ಇಟ್ಟರೆ ಸುತ್ತಲಿನ ಬಣ್ಣ ಕಣ್ಣನ್ನು ದಾರಿ ತಪ್ಪಿಸುವುದಿಲ್ಲ. ಬೆಳಕು ಮುಖ್ಯ. ವರ್ಣದ್ರವ್ಯಗಳು ಬೇರೆಯಾದರೆ ಎರಡು ಬೂದುಗಳು ಹಗಲಲ್ಲಿ ಒಂದೇ ಆಗಿದ್ದು ಹಳದಿ ಬಲ್ಬಿನ ಕೆಳಗೆ ಬೇರ್ಪಡುತ್ತವೆ. 6500 ಕೆಲ್ವಿನ್ (ಹಗಲಿನಂಥ ಬೆಳಕು), ಸಿಆರ್‌ಐ (ಬಣ್ಣವನ್ನು ನಿಜವಾಗಿ ತೋರಿಸುವ ಅಳತೆ) 90ಕ್ಕಿಂತ ಮೇಲಿನ ದೀಪದಲ್ಲಿ ಒಮ್ಮೆ, ಮಾದರಿ ಇಡುವ ಕಪಾಟಿನ ದೀಪದಲ್ಲಿ ಒಮ್ಮೆ ನೋಡುತ್ತೇನೆ. ಎರಡರಲ್ಲೂ ಒಪ್ಪದಿದ್ದರೆ ಕಪಾಟಿನ ದೀಪದ ಮಾತೇ ಗೆಲ್ಲುತ್ತದೆ. ಗಾಢತೆಗೆ ಮಾತ್ರ ಫೋನಿನ ಕ್ಯಾಮೆರಾ ಬಳಸಬಹುದು: ತುಂಡು, ಚೀಟಿ ಎರಡನ್ನೂ ಒಂದೇ ಚಿತ್ರದಲ್ಲಿ ತೆಗೆದು ಕಪ್ಪುಬಿಳುಪು ಮಾಡಿ. ಗಡಿ ಕಾಣದಿದ್ದರೆ ಗಾಢತೆ ಸರಿ. ವಾಲನ್ನು ಪರದೆಯ ಮೇಲೆ ಅಳೆಯಲು ಹೋಗಬೇಡಿ.

ಅತಿ ಹೆಚ್ಚು ಮೋಸ ಮಾಡುವುದು ಅಡಿಪದರ. ಕಪ್ಪು ಪ್ರೈಮರಿನ ಮೇಲೆ ತಿಳಿ ಬೂದನ್ನು ತೆಳ್ಳಗೆ ಹೊಡೆದಾಗ ಅದು ನೀಲಿಯಾಗಿ ಕಾಣುತ್ತದೆ. ಬಿಳಿ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಉಳಿದದ್ದನ್ನು ಕೆಳಗಿನ ಕಪ್ಪು ನುಂಗಿಬಿಡುತ್ತದೆ. ಫಲಕದ ಗೆರೆಗಳಿಗೆ ಕಪ್ಪು ಪ್ರಿಶೇಡ್ ಮಾಡಿ (ಮುಖ್ಯ ಬಣ್ಣಕ್ಕೆ ಮೊದಲೇ ಗೆರೆಗಳ ಮೇಲೆ ಕಪ್ಪು ಹೊಡೆದು) ಅದರ ಮೇಲೆ 36440 ಹೊಡೆದರೆ ಗೆರೆಗಳ ಸುತ್ತ ಅದರ ಬೆಚ್ಚನೆ ಪೂರ್ತಿ ಹೋಗಿ, ಬೇರೆ ಬಣ್ಣವೇ ಸೋರಿದ ಹಾಗಾಗುತ್ತದೆ. ಬೆಚ್ಚಗಿನ ಬೂದುಗಳ ಕೆಳಗೆ ನಾನು ಕಪ್ಪಿನ ಬದಲು ಗಾಢ ಕಂದು ಹಾಕುತ್ತೇನೆ. 36375ರ ಕೆಳಗೆ ಕಪ್ಪೇ ಇರಬಹುದು, ಆದರೆ ಆಗ ಮಿಶ್ರಣಕ್ಕೆ ಒಂದೆರಡು ಹನಿ ಬಫ್ ಮೊದಲೇ ಸೇರಿಸಿರಬೇಕು. ಪರೀಕ್ಷಾ ತುಂಡಿಗೂ ಇದೇ ಅಡಿಪದರ, ಇಷ್ಟೇ ಪದರ.

ಸಿಂಪಡಣೆಯೂ ಛಾಯೆ ಬದಲಿಸುತ್ತದೆ. ಲ್ಯಾಕರ್ ಒಂದು ಪಾಲಿಗೆ ಥಿನ್ನರ್ ಎರಡು ಪಾಲು, 0.3 ಮಿ.ಮೀ. ಸೂಜಿ, 1ರಿಂದ 1.2 ಬಾರ್ ಒತ್ತಡ ನನಗೆ ಒಗ್ಗಿದ ಲೆಕ್ಕ. ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಮೇಲ್ಮೈ ಒರಟಾಗುತ್ತದೆ, ಒರಟು ಮೇಲ್ಮೈ ಒಂದು ಮೆಟ್ಟಿಲು ತಿಳಿಯಾಗಿ ಕಾಣುತ್ತದೆ. ಮತ್ತೆ ಬಣ್ಣ ಬೆರೆಸುವ ಮೊದಲು 4000 ನಂಬರಿನ ಕಾಗದದಿಂದ ಮೆಲ್ಲಗೆ ಉಜ್ಜಿ ನೋಡಿ.

ಮಾದರಿಯ ಪ್ರಮಾಣ (ಸ್ಕೇಲ್) ಚಿಕ್ಕದಾದಂತೆ ಅಸಲಿ ಬಣ್ಣ ಮಾದರಿಯ ಮೇಲೆ ಗಾಢವಾಗಿ ಕಾಣುವುದರಿಂದ ಸ್ವಲ್ಪ ತಿಳಿಗೊಳಿಸುವ ರೂಢಿ ಇದೆ. ನಾನು 1/72ಕ್ಕೆ ಶೇ 10ರಿಂದ 15, 1/48ಕ್ಕೆ ಶೇ 5ರಿಂದ 10, 1/32ಕ್ಕೆ ಏನೂ ಇಲ್ಲ. ಇದಕ್ಕೆ ಅಚ್ಚಬಿಳಿ ಬೇಡ, ಬಣ್ಣ ತಣ್ಣಗಾಗುತ್ತದೆ. ಅದೇ ವಾಲಿನ ತಿಳಿ ಬೂದು ಸೇರಿಸಿ. ನಂತರ ಹಾಕುವ ವಾಶ್ (ಗೆರೆಗಳಲ್ಲಿ ನಿಲ್ಲುವ ತೆಳು ಗಾಢ ಬಣ್ಣ) ಮತ್ತು ಫಿಲ್ಟರ್ (ಇಡೀ ಮೇಲ್ಮೈಗೆ ಹಚ್ಚುವ ತೆಳು ಛಾಯೆ) ಎಲ್ಲವನ್ನೂ ತುಸು ಕಪ್ಪಾಗಿಸುತ್ತವೆ, ಅದರ ಲೆಕ್ಕವೂ ಇರಲಿ.

ಎಫ್/ಎ-18ರಂಥ ವಿಮಾನದಲ್ಲಿ ಮೇಲಿನ 36320 ಮತ್ತು ಕೆಳಗಿನ 36375ರ ನಡುವಿನ ಅಂತರ, ಒಂದೊಂದರ ನಿಖರತೆಗಿಂತ ಮುಖ್ಯ. ತಿಳಿಗೊಳಿಸುವಾಗ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಬಿಳಿ ಸುರಿದರೆ ಅಂತರ ಕುಗ್ಗುತ್ತದೆ, ವಾಶ್ ಹಾಕಿದ ಮೇಲೆ ಇಡೀ ವಿಮಾನ ಒಂದೇ ಬಣ್ಣದ್ದಾಗಿ ಕಾಣುತ್ತದೆ. ಕೆಳಗಿನದನ್ನು ಮೇಲಿನದಕ್ಕಿಂತ ಒಂದಿಷ್ಟು ಹೆಚ್ಚು ತಿಳಿಗೊಳಿಸಿ. ಎರಡು ಬಣ್ಣ ಕೂಡುವ ಅಂಚು ಅಸಲಿಯಲ್ಲಿ 50 ಮಿ.ಮೀ. ಮಸುಕಾಗಿದ್ದರೆ 1/48ರಲ್ಲಿ ಅದು ಸುಮಾರು 1 ಮಿ.ಮೀ. ಮಾತ್ರ, 1/72ರಲ್ಲಿ 0.7. ಮಸುಕು ಇದಕ್ಕಿಂತ ಅಗಲವಾದರೆ ಬಣ್ಣ ಎಷ್ಟೇ ಸರಿಯಿದ್ದರೂ ಆಟಿಕೆಯ ಹಾಗಾಗುತ್ತದೆ.

ಒಂದು ಮಾದರಿಗೆ ಬೇಕಾದ ಮಿಶ್ರಣವನ್ನು ಒಂದೇ ಸಲ ಮಾಡಿಕೊಳ್ಳಿ. ಅರ್ಧದಲ್ಲಿ ಮುಗಿದರೆ ಅದೇ ಹನಿ ಲೆಕ್ಕದಲ್ಲಿ ಮಾಡಿದ ಎರಡನೇ ಮಿಶ್ರಣವೂ ರೆಕ್ಕೆಯ ನಡುವೆ ಗೆರೆಯಾಗಿ ಎದ್ದು ಕಾಣಬಹುದು. ಮಿಕ್ಕದ್ದನ್ನು ಗಾಜಿನ ಪುಟ್ಟ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ಪರೀಕ್ಷಾ ತುಂಡನ್ನು ಅದಕ್ಕೇ ಕಟ್ಟಿಡಿ. ಡೆಕಾಲ್ (ಅಂಟಿಸುವ ಗುರುತು, ಚಿತ್ರ) ಹಾಕುವಾಗ ಬಣ್ಣದ ಅಂಚು ಕಿತ್ತುಬಂದರೆ ಆ ಮಿಶ್ರಣ ಬೇಕಾಗುತ್ತದೆ.