ಹಳಸಿದ ಕುಡುಕನನ್ನು ನಾನು ರಿಪೇರಿ ಮಾಡಿದ ಬಗೆ

ಕಂಪನಿ ನಾಟಕಗಳಲ್ಲಿ ಹಾಸ್ಯ ಪಾತ್ರ ಮಾಡುವವರಿಗೆ, ಒಂದೇ ಪಾತ್ರ ಅಂಟಿಕೊಳ್ಳುವ ಈ ಕಾಯಿಲೆಯನ್ನು ವಿವರಿಸಬೇಕಿಲ್ಲ. ಪೆದ್ದ ಆಳು, ಜಿಪುಣ ಮಾವ, ಕುಡುಕ ಗಂಡ. ನಾಟಕದ ಹೆಸರು ಬದಲಾಗುತ್ತದೆ, ಮನುಷ್ಯ ಅವನೇ. ನನಗೆ ಅಂಟಿದ್ದು ಕುಡುಕ. ಹನ್ನೆರಡೋ ಹದಿಮೂರೋ ವರ್ಷ ಅದೇ ತೊದಲು, ಅದೇ ಜಾರುವ ಪಂಚೆ, ಮಾತಿನ ಕೊನೆಗೆ ಎಳೆಯುವ ಅದೇ ರಾಗ. ರಂಗಕ್ಕೆ ಕಾಲಿಟ್ಟ ಕೂಡಲೇ ಸಿಳ್ಳೆ. ಹಾಗಾಗಿ ಪಾತ್ರ ಹಳಸಿದೆ ಎಂದು ನಾನು ಹೇಳಿದಾಗ ಮಾಲೀಕರಿಂದ ಹಿಡಿದು ಪರದೆ ಎಳೆಯುವ ಹುಡುಗನವರೆಗೆ ಎಲ್ಲರೂ ನಕ್ಕರು. “ಗಲ್ಲಾ ತುಂಬುತ್ತಿದೆಯಲ್ಲ, ನಿನಗೇನು ಕಷ್ಟ?”

ಕಷ್ಟವನ್ನು ತೋರಿಸಿಕೊಟ್ಟದ್ದು ಮೊಬೈಲ್. ಬಾದಾಮಿ ಬನಶಂಕರಿ ಜಾತ್ರೆಯ ಕ್ಯಾಂಪಿನಲ್ಲಿ (ಕಂಪನಿ ಒಂದು ಊರಿನಲ್ಲಿ ಬೀಡುಬಿಟ್ಟು ಆಟ ಆಡುವುದಕ್ಕೆ ನಾವು ಕ್ಯಾಂಪ್ ಎನ್ನುತ್ತೇವೆ), ಅಕ್ಕಪಕ್ಕದಲ್ಲಿ ಬೇರೆ ಕಂಪನಿಗಳ ಮೈಕು ಅರಚುತ್ತಿರುವಾಗ, ಅಂಗಿಯ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಆಟದ ಧ್ವನಿಯನ್ನಷ್ಟೇ ರೆಕಾರ್ಡ್ ಮಾಡಿದೆ. ವಿಡಿಯೋ ಬೇಡ, ವಿಡಿಯೋ ಹಾಕಿದರೆ ನಟ ತನ್ನ ಮುಖವೊಂದನ್ನೇ ನೋಡುತ್ತಾನೆ. ಕೇಳಿದಾಗ ತಿಳಿಯಿತು: ನನ್ನ ಮಾತು ಮುಗಿಯುವ ಮೊದಲೇ ನಗು ಬರುತ್ತಿದೆ. ಮುಂದೆ ಏನು ಬರುತ್ತದೆಂದು ಅವರಿಗೆ ಗೊತ್ತು. ಬಂದ ನಗುವೂ ಪರಿಚಯದವರಿಗೆ ದಾರಿಯಲ್ಲಿ ಮಾಡುವ ನಮಸ್ಕಾರದಂತೆ ಅಲ್ಲಿಗೇ ಮುಗಿಯುತ್ತದೆ. ಮೊದಲ ಪ್ರವೇಶಕ್ಕೆ ಬಿದ್ದ ಸಿಳ್ಳೆಯ ಕಾಲು ಭಾಗವೂ ಮೂರನೆಯ ಪ್ರವೇಶಕ್ಕೆ ಇರಲಿಲ್ಲ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ, ವೇಷ ಬದಲಿಸುವುದು. ವಿಗ್, ಹೊಸ ಮೀಸೆ, ಉಬ್ಬುಹಲ್ಲಿನ ಕಟ್ಟು, ಎಲ್ಲ ಸೇರಿ ಆರೇಳು ಸಾವಿರ ರೂಪಾಯಿ. ಬಾಯಿ ತೆರೆದ ಮೊದಲ ಮಾತಿಗೇ ಗ್ಯಾಲರಿಯವರು ನನ್ನ ಹೆಸರು ಹಿಡಿದು ಕೂಗಿದರು. ಆಮೇಲೆ ಖಳನ ಪಾತ್ರದ ಹುಚ್ಚು. ಹಳೆಯ ಕನ್ನಡ ಸಿನಿಮಾದಲ್ಲಿ ಬಾಲಕೃಷ್ಣ ಅವರು ಒಮ್ಮೆ ನಗಿಸಿ ಇನ್ನೊಮ್ಮೆ ಮೈ ಉರಿಸಲಿಲ್ಲವೇ ಎಂಬ ಧೈರ್ಯ. ಹಾಸ್ಯ ಪಾತ್ರ ಒಲ್ಲೆ ಎಂದು ಒಂದು ಸೀಸನ್ ಕುಳಿತೆ. ಆಗ ರಾತ್ರಿಗೆ ಸಾವಿರದ ಎಂಟುನೂರರ ಹತ್ತಿರ ಪಗಾರ ಬರುತ್ತಿತ್ತು. ಏನಿಲ್ಲವೆಂದರೂ ಲಕ್ಷದ ಮೇಲೆ ಕೈಬಿಟ್ಟು ಹೋಯಿತು. ಕೊನೆಗೂ ಸಿಕ್ಕ ಖಳನ ಪಾತ್ರದಲ್ಲಿ ನಾಯಕಿಯ ಕುತ್ತಿಗೆಗೆ ಚಾಕು ಹಿಡಿದೆ. ಜನ ಬಿದ್ದು ಬಿದ್ದು ನಕ್ಕರು. ನಾಯಕಿಯೂ ನಕ್ಕಳು.

ಮಾಸ್ಟರ್ ಹಿರಣ್ಣಯ್ಯ ಅವರು ‘ಲಂಚಾವತಾರ’ವನ್ನು ದಶಕಗಳ ಕಾಲ ಆಡಿದರೂ ಅಂದಂದಿನ ರಾಜಕೀಯವನ್ನು ಮಾತಿಗೆ ಸೇರಿಸಿ ಹೊಸದು ಮಾಡಿಕೊಳ್ಳುತ್ತಿದ್ದರು. ಅದನ್ನೂ ನೋಡೋಣವೆಂದು, ಕ್ಯಾಂಪ್ ಹಾಕಿದ್ದ ಊರಿನ ಚರಂಡಿಯ ಮೇಲೆ ಎರಡು ಮಾತು ಸೇರಿಸಿದೆ. ಮರುದಿನ ನಮಗೆ ನೀರಿನ ಟ್ಯಾಂಕರ್ ಬರಲಿಲ್ಲ. ಆ ವಿದ್ಯೆಗೆ ಅವರ ನಾಲಿಗೆಯೂ ಬೇಕು, ಅವರ ಹೆಸರಿನ ಬಲವೂ ಬೇಕು. ಇನ್ನು ಉಮಾಶ್ರೀ ಅವರ ಉದಾಹರಣೆಯನ್ನು ನನಗೆ ಕೊಡದವರಿಲ್ಲ. ಸಿನಿಮಾದವರು ವರ್ಷಗಟ್ಟಲೆ ಒಂದೇ ಬಗೆಯ ಹಾಸ್ಯಕ್ಕೆ ಅವರನ್ನು ದುಡಿಸಿದರು, 2008ರ ‘ಗುಲಾಬಿ ಟಾಕೀಸ್’ಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಿಜ. ಆದರೆ ಅಂಥ ಪಾತ್ರ ಹಿಡಿದು ನಿರ್ದೇಶಕರು ನಮ್ಮನ್ನು ಹುಡುಕಿಕೊಂಡು ಬರಬೇಕಲ್ಲ? ನನ್ನ ಬಾಗಿಲಿಗೆ ಬರುವವರು ಮುಂದಿನ ಜಾತ್ರೆಗೆ ಮುಂಗಡ ಕೊಡುವವರು. ಅವರಿಗೆ ಕುಡುಕನೇ ಬೇಕು.

ಸರಿ, ಕುಡುಕನನ್ನೇ ಬಿಚ್ಚಿ ಜೋಡಿಸಲು ಕುಳಿತೆ. ರೆಕಾರ್ಡಿಂಗ್ ಕೇಳಿ, ಗ್ಯಾರಂಟಿ ನಗು ಬರುವ ಜಾಗಗಳನ್ನು ಗುರುತು ಮಾಡಿಕೊಂಡೆ. ಒಂದೊಂದು ಕ್ಯಾಂಪಿಗೆ ಒಂದೊಂದನ್ನು ಮಾತ್ರ ಕಿತ್ತೆ. ಒಟ್ಟಿಗೆ ಕಿತ್ತರೆ ಮಾಲೀಕರಿಗೂ ಗೊತ್ತಾಗುತ್ತದೆ, ಜನರಿಗೂ ಗೊತ್ತಾಗುತ್ತದೆ. ಮೊದಲು ರಾಗ ಹೋಯಿತು, ಆಮೇಲೆ ತೊದಲು. ಪಂಚೆ ಜಾರುವುದನ್ನು ನಿಲ್ಲಿಸಿದಾಗ ಮಾತ್ರ ಮಾಲೀಕರು ಮೇಕಪ್ ಕೋಣೆಗೇ ಬಂದರು. “ಪ್ರಯೋಗ ಮಾಡುವುದಿದ್ದರೆ ನಿನ್ನ ದುಡ್ಡಿನಲ್ಲಿ ಮಾಡು” ಎಂದರು. ಆ ಸೀಸನ್ ರಾತ್ರಿಗೆ ಮುನ್ನೂರು ಕಡಿಮೆಗೆ ಒಪ್ಪಿಕೊಂಡೆ.

ಕಿತ್ತ ಜಾಗಕ್ಕೆ ತುಂಬಿದ್ದು ಒಂದೇ: ಈ ಮನುಷ್ಯ ತಾನು ಕುಡಿದಿಲ್ಲವೆಂದು ತೋರಿಸಲು ಒದ್ದಾಡುತ್ತಿದ್ದಾನೆ. ಇದು ನಟನೆಯ ಹಳೆಯ ಪಾಠ, ನಿಮಗೂ ಗೊತ್ತು. ಗೊತ್ತಿದ್ದೂ ಜಾತ್ರೆಯ ಗ್ಯಾಲರಿಯ ಮುಂದೆ ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ನಾನು ಮಾಡಿದ ದೃಶ್ಯ ಇದು. ಹೆಂಡತಿ ಅಡುಗೆಮನೆಯಲ್ಲಿದ್ದಾಳೆ. ಇವನು ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಬೇಕು. ಮೊಳೆಯನ್ನು ನೋಡುತ್ತಾನೆ. ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಗುರುತು ತಪ್ಪದಿರಲೆಂದು ಎಡಗೈಯ ತೋರುಬೆರಳನ್ನು ಮೊಳೆಯ ಪಕ್ಕ ಒತ್ತಿ ಹಿಡಿಯುತ್ತಾನೆ. ಬಲಗೈಯಿಂದ ಅಂಗಿಯನ್ನು ತಂದು, ಬಹಳ ಜೋಪಾನವಾಗಿ, ಆ ಬೆರಳಿಗೇ ತೂಗುಹಾಕುತ್ತಾನೆ. ಬೆರಳು ತೆಗೆದರೆ ಅಂಗಿ ಬೀಳುತ್ತದೆ, ತೆಗೆಯದೆ ಅಲ್ಲಿಂದ ಕದಲುವಂತಿಲ್ಲ. ಅಷ್ಟರಲ್ಲಿ ಹೆಂಡತಿ ಬಂದು ನೋಡಿ, ಏನೂ ಆಗಿಲ್ಲವೆಂಬಂತೆ “ಕೈ ತೊಳೆದುಕೊಂಡು ಊಟಕ್ಕೆ ಬನ್ನಿ” ಎನ್ನುತ್ತಾಳೆ.

ಚಪ್ಪಾಳೆ ಬೀಳುವ ಮಾತು ಅವಳದು. ಅದನ್ನು ಬಿಟ್ಟುಕೊಡಲು ನನ್ನ ಹೊಟ್ಟೆ ಉರಿಯಿತು, ಆದರೆ ಅದೇ ಮಾತನ್ನು ನಾನು ಆಡಿದರೆ ಹಳೆಯ ಕುಡುಕ ವಾಪಸ್ ಬರುತ್ತಾನೆ.

ಮೊದಲ ಆಟಗಳಲ್ಲಿ ಮೌನ ಅಷ್ಟು ಉದ್ದ ಹೋದಾಗ ನಾನು ಮಾತು ಮರೆತೆನೆಂದು ಹಾರ್ಮೋನಿಯಂ ಮಾಸ್ತರರು ಸಂಗೀತ ಶುರು ಮಾಡಿದರು. ಇನ್ನೊಂದು ರಾತ್ರಿ ರಂಗದ ಪಕ್ಕದ ವಿಂಗಿನಿಂದ ಯಾರೋ ಜೋರಾಗಿ ನನ್ನ ಮಾತು ಹೇಳಿಕೊಟ್ಟರು. ನಗು ಬಿದ್ದದ್ದು ಅದಕ್ಕೆ. ಎರಡು ಕ್ಯಾಂಪ್ ಹೀಗೇ ಒಣಗಿತು. ಮೂರನೆಯದರಲ್ಲಿ ಅಂಗಿ ಬೆರಳಿಗೆ ಬಿದ್ದ ಕ್ಷಣ ಮುಂದಿನ ಸಾಲಿನಿಂದ ಒಂದು ಹೆಂಗಸಿನ ನಗು, ಆಮೇಲೆ ಹಿಂದಿನಿಂದ, ಆಮೇಲೆ ಇಡೀ ಥಿಯೇಟರ್. ರೆಕಾರ್ಡಿಂಗಿನಲ್ಲಿ ಅರ್ಧ ನಿಮಿಷದ ಹತ್ತಿರ ಇದೆ. ಆ ಮೌನವನ್ನು ಎಷ್ಟು ಎಳೆಯಬೇಕೆಂದು ನನಗೆ ಗೊತ್ತಾಗುವುದು ಹೇಗೆ ಎಂದು ಈಗ ಬಹಳ ಜನ ಕೇಳುತ್ತಾರೆ. ಅದಕ್ಕೆ ಗ್ಯಾಲರಿಯಲ್ಲಿ ನೋಡುವ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕು.

ನಡುವೆ ಮಾಡಿದ ಇನ್ನೊಂದು ಹುಚ್ಚಾಟ ಹೇಳಿಬಿಡುತ್ತೇನೆ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿ ಮಾತಿಗೆ ಮಾತು ಕೊಡುತ್ತಿದ್ದರು. ನಾನು ತಾಲೀಮಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡೆ. ಸಹನಟಿ ಬೈದಳು. ಆದರೆ ವರ್ಷಗಳಿಂದ ಜೊತೆಗೆ ನಟಿಸಿದ್ದ ಅವಳು ಮಾತಿಗೆ ಮೊದಲು ಸಣ್ಣದಾಗಿ ಉಸಿರು ಎಳೆದುಕೊಳ್ಳುತ್ತಾಳೆಂದು ಆಗಲೇ ನಾನು ನೋಡಿದ್ದು. ಈಗ ನನ್ನ ಟೈಮಿಂಗ್ ಆ ಉಸಿರಿನ ಮೇಲೆ ನಿಂತಿದೆ. ಯಕ್ಷಗಾನದ ಹಾಸ್ಯಗಾರರನ್ನೂ ಕೆಲವು ರಾತ್ರಿ ಕುಳಿತು ನೋಡಿದೆ. ಒಬ್ಬರೇ ಬೆಳಗಾಗುವುದರೊಳಗೆ ದೂತ, ಬ್ರಾಹ್ಮಣ, ಬಾಹುಕ (ಕುರೂಪಿಯಾದ ನಳ) ಎಲ್ಲ ಆಗುತ್ತಾರೆ, ಒಬ್ಬೊಬ್ಬನಿಗೂ ಒಂದೊಂದು ನಡಿಗೆ. ನಡಿಗೆ ಕದ್ದೆ, ಕುಣಿತ ನನ್ನ ಮೊಣಕಾಲಿಗೆ ಒಗ್ಗಲಿಲ್ಲ.

ಈಗ ರಾತ್ರಿಗೆ ಎರಡೂವರೆ ಸಾವಿರದ ಮೇಲೆ ಸಿಗುತ್ತದೆ, ಮುನ್ನೂರು ಕಡಿತದ ಮಾತನ್ನು ಮಾಲೀಕರು ಎತ್ತುವುದಿಲ್ಲ. ಧಾರಾವಾಹಿಯವರು ಮಾತ್ರ ಇನ್ನೂ ಆ ಎಳೆಯುವ ರಾಗವನ್ನೇ ಕೇಳಿಕೊಂಡು ಫೋನ್ ಮಾಡುತ್ತಾರೆ. ಅವರಿಗೆ ಎರಡು ದರ ಹೇಳುತ್ತೇನೆ: ರಾಗ ಬೇಕೆಂದರೆ ದಿನಕ್ಕೆ ಒಂದು ಸಾವಿರ ಹೆಚ್ಚು.